ಮೊಬೈಲ್‌ನಲ್ಲಿ ನೆಟ್ ಇದೆ, ಕಂಪ್ಯೂಟರ್‌ನಲ್ಲಿ ಇಲ್ಲ: ತಪ್ಪು ಎಲ್ಲಿದೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಒಂದು ಡೆಸ್ಕ್‌ಟಾಪ್, ಒಂದು ಲ್ಯಾಪ್‌ಟಾಪ್ ಇವೆ. ಎರಡರಲ್ಲೂ ವಿಂಡೋಸ್ ಇದೆ. ಹದಿನೈದು ದಿನಗಳಿಂದ ಇದ್ದಕ್ಕಿದ್ದಂತೆ ಎರಡರಲ್ಲೂ ನೆಟ್ ಹೋಗುತ್ತಿದೆ. ವೈಫೈ ಗುರುತು ಇರುತ್ತದೆ, ಆದರೆ ‘ನೋ ಇಂಟರ್ನೆಟ್’ ಅಂತ ತೋರಿಸುತ್ತದೆ. ಅದೇ ಹೊತ್ತಿಗೆ ಮೊಬೈಲ್‌ಗಳಲ್ಲಿ ಎಲ್ಲ ಸರಿಯಾಗಿ ಬರುತ್ತದೆ. ರೂಟರ್ ಆಫ್ ಮಾಡಿ ಆನ್ ಮಾಡಿದರೆ ಒಮ್ಮೆ ಸರಿಹೋಗುತ್ತದೆ, ಇನ್ನೊಮ್ಮೆ ಇಲ್ಲ. ಕನೆಕ್ಷನ್ ಕೊಟ್ಟವರು ‘ಲೈನ್ ಸರಿ ಇದೆ’ ಎನ್ನುತ್ತಾರೆ. ಮಹಡಿಯ ಮೇಲೆ ಸಿಗ್ನಲ್ ಸಾಲದೆಂದು ಹಳೆಯ ರೂಟರ್ ಒಂದನ್ನು ಕೇಬಲ್ ಎಳೆದು ಅಲ್ಲಿ ಇಟ್ಟಿದ್ದೇವೆ. ಅದು ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಎರಡೂ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಬೇಕಾ?

ಉತ್ತರ: ಫಾರ್ಮ್ಯಾಟ್ ಮಾಡಿಸಬೇಡಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಗುತ್ತದೆ. ಎರಡು ಬೇರೆ ಬೇರೆ ಕಂಪ್ಯೂಟರ್‌ಗಳು ಒಂದೇ ವಾರದಲ್ಲಿ, ಒಂದೇ ರೀತಿ ಕೆಟ್ಟಿವೆ ಅಂದರೆ ತಪ್ಪು ಅವುಗಳ ಒಳಗೆ ಇರುವುದು ಬಹಳ ಅಪರೂಪ. ಎರಡಕ್ಕೂ ಸೇರಿದ ಯಾವುದೋ ಒಂದರಲ್ಲಿ ಅದು ಇರುತ್ತದೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆ ಹಳೆಯ ರೂಟರ್ ಮೇಲೆ. ನೀವು ಅದನ್ನು ಕೊನೆಯಲ್ಲಿ, ಸುಮ್ನೆ ಒಂದು ಮಾತು ಅಂತ ಸೇರಿಸಿದ್ದೀರಿ. ನನಗೆ ಮೊದಲ ಅನುಮಾನ ಅದರ ಮೇಲೆಯೇ. ಅದು ‘ಚೆನ್ನಾಗಿ ಕೆಲಸ ಮಾಡುತ್ತಿದೆ’ ಅನ್ನುವುದು ನಿಜ ಇರಬಹುದು. ತನಗೆ ಯಾರೂ ಹೇಳದ ಇನ್ನೊಂದು ಕೆಲಸವನ್ನೂ ಅದು ಮಾಡುತ್ತಿರಬಹುದು. ಅದೇ ಇಲ್ಲಿ ತೊಂದರೆ.

ಆದರೆ ಅನುಮಾನ ಬಂತು ಅಂತ ತಕ್ಷಣ ಎಲ್ಲವನ್ನೂ ಬದಲಿಸಬೇಡಿ. ಮೊದಲು ಒಂದು ಸಾಕ್ಷಿಯನ್ನು ಸರಿಯಾಗಿ ವಿಚಾರಿಸೋಣ. ಮೊಬೈಲ್‌ನಲ್ಲಿ ನೆಟ್ ಬರುತ್ತಿದೆ ಅಂದಿರಲ್ಲ, ಅದು ವೈಫೈಯಿಂದಲೇ ಬರುತ್ತಿದೆ ಅಂತ ಖಾತ್ರಿ ಇದೆಯಾ? ಈಗಿನ ಎಷ್ಟೋ ಫೋನ್‌ಗಳು ವೈಫೈಯಲ್ಲಿ ಇಂಟರ್ನೆಟ್ ಇಲ್ಲ ಎಂದು ಗೊತ್ತಾದ ಕೂಡಲೇ ಸದ್ದಿಲ್ಲದೆ ಸಿಮ್‌ನ ಡೇಟಾಗೆ ಹೋಗಿಬಿಡುತ್ತವೆ. ಐಫೋನ್‌ನಲ್ಲಿ 2015ರಿಂದ ‘ವೈಫೈ ಅಸಿಸ್ಟ್’ ಅನ್ನುವ ಸೌಲಭ್ಯ ಇದೆ. ಅದನ್ನು ನಾವಾಗಿ ಆಫ್ ಮಾಡದಿದ್ದರೆ ಆನ್ ಆಗಿಯೇ ಇರುತ್ತದೆ. ಆಂಡ್ರಾಯ್ಡ್ ಫೋನ್‌ಗಳಲ್ಲೂ ಇಂಥದ್ದು ಬೇರೆ ಬೇರೆ ಹೆಸರಲ್ಲಿ ಇದೆ. ಬಳಸುವವರಿಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಹಾಗಾಗಿ ಮುಂದಿನ ಸಲ ಕಂಪ್ಯೂಟರ್‌ನಲ್ಲಿ ನೆಟ್ ಹೋದಾಗ ಮನೆಯ ಎಲ್ಲ ಫೋನ್‌ಗಳಲ್ಲೂ ಮೊಬೈಲ್ ಡೇಟಾ ಆಫ್ ಮಾಡಿ. ವೈಫೈ ಮಾತ್ರ ಇರಲಿ. ಆಗಲೂ ನೆಟ್ ಬಂದರೆ ಲೈನ್ ಸರಿ ಇದೆ, ರೂಟರ್ ಕೂಡ ಬಹುಪಾಲು ಸರಿ ಇದೆ. ಬರದಿದ್ದರೆ ಇಷ್ಟು ದಿನ ನೀವು ನಂಬಿದ ಸಾಕ್ಷಿಯೇ ಸುಳ್ಳು. ಕಂಪ್ಯೂಟರ್‌ಗಳನ್ನು ಬಿಟ್ಟು ಇಡೀ ಮನೆಯ ಕನೆಕ್ಷನ್ ಅನ್ನು ನೋಡಬೇಕಾಗುತ್ತದೆ.

ಈ ಒಂದು ಪರೀಕ್ಷೆಗೆ ಎರಡು ನಿಮಿಷ ಸಾಕು. ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಈಗ ಆ ಹಳೆಯ ರೂಟರ್ ವಿಷಯ. ಯಾವುದೇ ಕಂಪ್ಯೂಟರ್ ಇಂಟರ್ನೆಟ್‌ಗೆ ಹೋಗಬೇಕಾದರೆ ಅದಕ್ಕೆ ಮೂರು ನಂಬರ್ ಬೇಕು. ಒಂದು, ಮನೆಯೊಳಗೆ ತನ್ನದೇ ವಿಳಾಸ. ಎರಡು, ಹೊರಗೆ ಹೋಗುವ ಬಾಗಿಲಿನ ವಿಳಾಸ, ಅಂದರೆ ಗೇಟ್‌ವೇ. ಮೂರು, ವೆಬ್‌ಸೈಟ್‌ಗಳ ಹೆಸರನ್ನು ನಂಬರ್ ಮಾಡಿಕೊಡುವ ಡಿಎನ್‌ಎಸ್ ಸರ್ವರ್‌ನ ವಿಳಾಸ. ಈ ಮೂರನ್ನೂ ಕೊಡುವುದು ರೂಟರ್. ಆ ಕೆಲಸದ ಹೆಸರು ಡಿಎಚ್‌ಸಿಪಿ. ಕಂಪ್ಯೂಟರ್ ಆನ್ ಆದಾಗ ‘ಯಾರಾದರೂ ನನಗೊಂದು ವಿಳಾಸ ಕೊಡಿ’ ಎಂದು ಇಡೀ ಮನೆಗೆ ಕೇಳುವಂತೆ ಕೂಗುತ್ತದೆ. ಸಾಮಾನ್ಯವಾಗಿ ಮೊದಲು ಯಾರು ಉತ್ತರ ಕೊಟ್ಟರೋ ಅವರ ಮಾತನ್ನೇ ನಂಬುತ್ತದೆ. ಮನೆಯಲ್ಲಿ ಒಂದೇ ರೂಟರ್ ಇದ್ದರೆ ಉತ್ತರ ಒಂದೇ. ಎರಡಿದ್ದು, ಎರಡರಲ್ಲೂ ಡಿಎಚ್‌ಸಿಪಿ ಆನ್ ಇದ್ದರೆ?

ಆಗ ಉತ್ತರ ಎರಡು. ಕೆಳಗಿನ ರೂಟರ್ ಮೊದಲು ಮಾತಾಡಿದರೆ ನೆಟ್ ಬರುತ್ತದೆ. ಮೇಲಿನ ಹಳೆಯದು ಮೊದಲು ಮಾತಾಡಿದರೆ, ‘ಬಾಗಿಲು ನಾನೇ’ ಎಂದು ತನ್ನ ವಿಳಾಸವನ್ನೇ ಕೊಡುತ್ತದೆ. ಪಾಪ, ಅದಕ್ಕೆ ಹೊರಗಿನ ದಾರಿಯೇ ಗೊತ್ತಿಲ್ಲ. ಕಂಪ್ಯೂಟರ್ ಮಾತ್ರ ಅದನ್ನು ನಂಬಿ ಎಲ್ಲವನ್ನೂ ಅದರ ಕೈಗೆ ಕೊಡುತ್ತದೆ. ವೈಫೈ ಗುರುತು ತುಂಬಿರುತ್ತದೆ, ವಿಳಾಸವೂ ಸಿಕ್ಕಿರುತ್ತದೆ, ಇಂಟರ್ನೆಟ್ ಇರುವುದಿಲ್ಲ. ನೀವು ಬರೆದದ್ದು ಇದೇ ಅಲ್ವಾ? ಆಫ್ ಮಾಡಿ ಆನ್ ಮಾಡಿದಾಗ ಒಮ್ಮೆ ಸರಿ, ಒಮ್ಮೆ ಇಲ್ಲ ಅನ್ನುವುದಕ್ಕೂ ಇದು ಸರಿಹೊಂದುತ್ತದೆ. ಆ ಸಲ ಯಾರು ಮೊದಲು ಉತ್ತರ ಕೊಟ್ಟರು ಅನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ನೆಟ್ ಹೋದಾಗ ರೂಟರ್ ಮುಟ್ಟಬೇಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಬೇಡಿ. ಮಾಡಿದರೆ ಸುಳಿವು ಅಳಿಸಿಹೋಗುತ್ತದೆ. ಬದಲಿಗೆ ವಿಂಡೋಸ್‌ಗೆ ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ‘ಐಪಿಕಾನ್ಫಿಗ್’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಪದವಾಗಿ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಷ್ ಹಾಕಿ ‘ಆಲ್’ ಎಂದು ಸೇರಿಸಿ (ipconfig /all) ಎಂಟರ್ ಒತ್ತಿ. ತುಂಬಾ ಸಾಲುಗಳು ಬರುತ್ತವೆ, ಗಾಬರಿ ಬೇಡ. ನಿಮಗೆ ಬೇಕಾದದ್ದು ನಾಲ್ಕೇ: ಐಪಿವಿ4 ಅಡ್ರೆಸ್, ಡಿಫಾಲ್ಟ್ ಗೇಟ್‌ವೇ, ಡಿಎಚ್‌ಸಿಪಿ ಸರ್ವರ್, ಡಿಎನ್‌ಎಸ್ ಸರ್ವರ್. ಫೋನ್‌ನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ನೆಟ್ ಸರಿ ಇದ್ದಾಗ ಇದನ್ನೇ ಮಾಡಿ ಇನ್ನೊಂದು ಫೋಟೋ ತೆಗೆಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮನೆಯ ನೆಟ್‌ವರ್ಕ್‌ನ ತೊಂದರೆ ಹುಡುಕಲು ನನಗೆ ಗೊತ್ತಿರುವ ಅತ್ಯಂತ ಒಳ್ಳೆಯ ಅಭ್ಯಾಸ ಇದು: ಕೆಟ್ಟಾಗ ಒಂದು ಚಿತ್ರ, ಸರಿ ಇದ್ದಾಗ ಒಂದು ಚಿತ್ರ. ಎಲ್ಲಿ ವ್ಯತ್ಯಾಸವೋ ಅಲ್ಲೇ ಹುಡುಕಬೇಕು.

ಸರಿ ಇದ್ದಾಗ ಗೇಟ್‌ವೇ 192.168.1.1, ಕೆಟ್ಟಾಗ 192.168.0.1 ಅಂತ ಇದ್ದರೆ ಕಥೆ ಅಲ್ಲಿಗೆ ಮುಗಿಯಿತು. ಎರಡು ರೂಟರ್‌ಗಳು ಎರಡು ಉತ್ತರ ಕೊಡುತ್ತಿವೆ. ಆದರೆ ಎರಡೂ ಚಿತ್ರಗಳಲ್ಲಿ ಒಂದೇ ನಂಬರ್ ಇದ್ದರೂ ಹಳೆಯ ರೂಟರ್ ನಿರಪರಾಧಿ ಅಂತ ಹೇಳಲಾಗದು. ಎಷ್ಟೋ ಕಂಪನಿಗಳು ತಮ್ಮ ರೂಟರ್‌ಗಳಿಗೆ 192.168.0.1 ಅಥವಾ 192.168.1.1 ಅನ್ನೇ ಹುಟ್ಟುವಿಳಾಸವಾಗಿ ಕೊಟ್ಟು ಕಳಿಸುತ್ತವೆ. ನಿಮ್ಮ ಎರಡೂ ರೂಟರ್‌ಗಳಿಗೆ ಒಂದೇ ವಿಳಾಸ ಇದ್ದರೆ ಇನ್ನೂ ಕಷ್ಟ. ಒಂದೇ ನಂಬರಿನ ಎರಡು ಮನೆಗಳಿದ್ದ ಹಾಗೆ. ಪತ್ರ ಇಂದು ಒಬ್ಬರಿಗೆ, ನಾಳೆ ಇನ್ನೊಬ್ಬರಿಗೆ. ಇದನ್ನು ಪತ್ತೆ ಮಾಡಲು ನೆಟ್ ಹೋದಾಗ ಬ್ರೌಸರ್‌ನಲ್ಲಿ ಆ ಗೇಟ್‌ವೇ ನಂಬರನ್ನೇ ಟೈಪ್ ಮಾಡಿ. ಯಾವ ರೂಟರ್‌ನ ಪುಟ ತೆರೆಯಿತು ನೋಡಿ. ಮಹಡಿ ಮೇಲಿನದ್ದರ ಪುಟ ಬಂದರೆ ಕಳ್ಳ ಸಿಕ್ಕಿದ.

ಇಷ್ಟೆಲ್ಲ ಬೇಡ ಅನ್ನಿಸಿದರೆ ಇನ್ನೂ ಸುಲಭದ ದಾರಿ ಇದೆ. ಹಳೆಯ ರೂಟರ್‌ನ ಕೇಬಲ್ ಕಿತ್ತು, ಅದನ್ನು ಆಫ್ ಮಾಡಿ ಎರಡು ದಿನ ಬಿಡಿ. ಎರಡೂ ಕಂಪ್ಯೂಟರ್‌ಗಳನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್. ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಬಂದ ಮೇಲೆ ಶಟ್‌ಡೌನ್ ಮಾಡಿದಾಗ ಒಳಗಿನ ಎಲ್ಲವೂ ಪೂರ್ತಿ ಮುಚ್ಚುವುದಿಲ್ಲ. ಹಳೆಯ ಸ್ಥಿತಿಯ ಒಂದು ಪಾಲು ಉಳಿದುಕೊಳ್ಳುತ್ತದೆ. ರೀಸ್ಟಾರ್ಟ್‌ನಲ್ಲಿ ಎಲ್ಲ ಹೊಸದಾಗಿ ಶುರುವಾಗುತ್ತದೆ. ಎರಡು ದಿನ ಒಂದು ಸಲವೂ ನೆಟ್ ಹೋಗದಿದ್ದರೆ ನಿಮಗೆ ಉತ್ತರ ಸಿಕ್ಕಿತು.

ಹಾಗಂತ ಹಳೆಯ ರೂಟರ್ ಎಸೆಯಬೇಕಿಲ್ಲ. ಅದಕ್ಕೆ ಬಾಯಿ ಮುಚ್ಚಿಕೊಂಡು ಸಿಗ್ನಲ್ ಮಾತ್ರ ಹಂಚಲು ಹೇಳಿದರಾಯಿತು. ಅದರ ಸೆಟ್ಟಿಂಗ್ಸ್‌ನಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಇದ್ದರೆ ಅದನ್ನು ಆರಿಸಿ, ಕೇಬಲ್ ಯಾವ ತೂತಿಗೆ ಹಾಕಬೇಕೆಂದು ಅದರ ಪುಟವೇ ಹೇಳಿದಂತೆ ಮಾಡಿ. ಆ ಮೋಡ್ ಇಲ್ಲದಿದ್ದರೆ ಕೈಯಾರೆ ಮಾಡಬೇಕು. ಇಲ್ಲಿ ಹೆಜ್ಜೆಗಳ ಕ್ರಮ ಮುಖ್ಯ. ಮೊದಲು ಅದನ್ನು ಮನೆಯ ನೆಟ್‌ವರ್ಕ್‌ನಿಂದ ಪೂರ್ತಿ ಬಿಡಿಸಿ, ಲ್ಯಾಪ್‌ಟಾಪ್ ಒಂದನ್ನೇ ಕೇಬಲ್‌ನಿಂದ ಅದಕ್ಕೆ ಜೋಡಿಸಿ. ಅದರ ಪುಟ ತೆರೆದು ಅದರ ಲ್ಯಾನ್ (LAN) ವಿಳಾಸ, ಅಂದರೆ ಮನೆಯೊಳಗಿನ ವಿಳಾಸ, ಬದಲಿಸಿ. ಕೆಳಗಿನ ರೂಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಕೆಳಗಿನ ರೂಟರ್ ಬೇರೆಯವರಿಗೆ ಹಂಚುವ ನಂಬರ್‌ಗಳಲ್ಲಿ 192.168.1.2 ಸೇರಿರಬಾರದು, ಅದನ್ನು ಅದರ ಡಿಎಚ್‌ಸಿಪಿ ಪುಟದಲ್ಲಿ ನೋಡಿಕೊಳ್ಳಿ. ವಿಳಾಸ ಬದಲಿಸಿದ ಮೇಲೆ ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ, ಆಗ ಡಿಎಚ್‌ಸಿಪಿ ಆಫ್ ಮಾಡಿ. ಉಲ್ಟಾ ಮಾಡಿದರೆ ಲ್ಯಾಪ್‌ಟಾಪ್‌ಗೆ ವಿಳಾಸ ಕೊಡುವವರೇ ಇರುವುದಿಲ್ಲ, ಆ ಪುಟವನ್ನು ಮತ್ತೆ ತೆರೆಯಲು ಪರದಾಡಬೇಕಾಗುತ್ತದೆ.

ಕೊನೆಗೆ ಕೆಳಗಿನಿಂದ ಬಂದ ಕೇಬಲ್ ಅನ್ನು ಹಳೆಯ ರೂಟರ್‌ನ ಲ್ಯಾನ್ ತೂತಿಗೆ ಹಾಕಿ. ವ್ಯಾನ್ (WAN) ಅಂತ ಬರೆದ, ಹೊರಗಿನ ಲೈನ್‌ಗೆ ಮೀಸಲಾದ ತೂತು, ಸಾಮಾನ್ಯವಾಗಿ ಬಣ್ಣ ಬೇರೆ ಇರುತ್ತದೆ, ಅದು ಖಾಲಿ ಇರಲಿ. ವ್ಯಾನ್‌ಗೆ ಹಾಕಿದರೂ ನೆಟ್ ಬರಬಹುದು, ಆದರೆ ಆಗ ಮನೆಯೊಳಗೆ ಎರಡು ಬೇರೆ ನೆಟ್‌ವರ್ಕ್ ಆಗುತ್ತವೆ. ಕೆಳಗಿನ ಕಂಪ್ಯೂಟರ್‌ಗೆ ಮಹಡಿ ಮೇಲಿನ ಪ್ರಿಂಟರ್ ಕಾಣುವುದಿಲ್ಲ. ಎರಡೂ ಕಡೆ ಒಂದೇ ಸರಣಿಯ ನಂಬರ್ ಇದ್ದರೆ ನೆಟ್ಟೇ ಬರುವುದಿಲ್ಲ.

ಇನ್ನೊಂದು ಎಚ್ಚರ. ಎರಡು ರೂಟರ್‌ಗಳ ನಡುವೆ ಒಂದೇ ಕೇಬಲ್ ಇರಬೇಕು. ಎರಡು ಹಾಕಿದರೆ ಜಾಸ್ತಿ ಸ್ಪೀಡ್ ಬರುತ್ತದೆ ಎಂದು ಕೆಲವರು ಅಂದುಕೊಳ್ಳುತ್ತಾರೆ. ಬರುವುದಿಲ್ಲ. ಒಂದೇ ಸಂದೇಶ ಆ ಎರಡು ದಾರಿಗಳಲ್ಲಿ ಕೊನೆಯಿಲ್ಲದೆ ಸುತ್ತಿ ಇಡೀ ಮನೆಯ ನೆಟ್‌ವರ್ಕ್ ಉಸಿರುಗಟ್ಟುತ್ತದೆ. ನನ್ನ ಮನೆಯಲ್ಲೇ ಒಮ್ಮೆ ಕಸ ಗುಡಿಸುವಾಗ ಬಿಚ್ಚಿಕೊಂಡ ಕೇಬಲ್‌ನ ತುದಿಯನ್ನು ಯಾರೋ ಒಳ್ಳೆಯ ಮನಸ್ಸಿನಿಂದ ಅದೇ ಪೆಟ್ಟಿಗೆಯ ಖಾಲಿ ತೂತಿಗೆ ಸೇರಿಸಿದ್ದರು. ಒಂದು ಇಡೀ ಸಂಜೆ ಯಾವ ಸಾಧನಕ್ಕೂ ನೆಟ್ ಸಿಗಲಿಲ್ಲ. ಎಲ್ಲ ದೀಪಗಳೂ ಒಟ್ಟಿಗೆ ವೇಗವಾಗಿ ಮಿನುಗುತ್ತಿದ್ದವು. ಹಾಗೆ ಕಂಡರೆ ಮೊದಲು ಕೇಬಲ್‌ಗಳನ್ನು ಒಂದೊಂದಾಗಿ ಹಿಂಬಾಲಿಸಿ ನೋಡಿ.

ನನ್ನ ಅನುಮಾನ ತಪ್ಪಾಗಿದ್ದರೆ? ಹಳೆಯ ರೂಟರ್ ಆಫ್ ಇದ್ದಾಗಲೂ ನೆಟ್ ಹೋದರೆ ಆ ನಾಲ್ಕು ಸಾಲುಗಳನ್ನು ಮತ್ತೆ ಓದಿ. ನಿಮ್ಮ ವಿಳಾಸ 169.254 ಎಂದು ಶುರುವಾಗಿದ್ದರೆ ಅದು ಯಾರೂ ಕೊಟ್ಟ ವಿಳಾಸ ಅಲ್ಲ. ಕೂಗಿ ಕೂಗಿ ಯಾರೂ ಉತ್ತರ ಕೊಡದಿದ್ದಾಗ ಕಂಪ್ಯೂಟರ್ ತಾನೇ ಇಟ್ಟುಕೊಂಡದ್ದು. ಅಂದರೆ ಕಂಪ್ಯೂಟರ್ ಮತ್ತು ರೂಟರ್ ನಡುವಿನ ಮಾತುಕತೆಯೇ ಮುರಿದಿದೆ. ವೈಫೈಯಲ್ಲಿ ಹೀಗಾದರೆ ಆ ನೆಟ್‌ವರ್ಕ್ ಅನ್ನು ‘ಫರ್ಗೆಟ್’ ಮಾಡಿ, ಪಾಸ್‌ವರ್ಡ್ ಹಾಕಿ ಮತ್ತೆ ಸೇರಿ. ಕೇಬಲ್‌ನಲ್ಲಾದರೆ ಬೇರೆ ಕೇಬಲ್ ಹಾಕಿ. ರೂಟರ್ ಹಂಚುವ ನಂಬರ್‌ಗಳು ಖಾಲಿಯಾಗಿವೆಯೇ ಅಂತಲೂ ನೋಡಿ. ಕೆಲವರು ಅದನ್ನು ಹತ್ತಕ್ಕೋ ಇಪ್ಪತ್ತಕ್ಕೋ ಇಳಿಸಿಟ್ಟಿರುತ್ತಾರೆ. ಫೋನ್, ಟಿವಿ, ಕ್ಯಾಮೆರಾ ಎಲ್ಲ ಸೇರಿದರೆ ಇಪ್ಪತ್ತು ಬೇಗ ಮುಗಿಯುತ್ತದೆ.

ವಿಳಾಸ, ಗೇಟ್‌ವೇ ಎರಡೂ ಸರಿಯಾಗಿದ್ದರೆ ‘ಪಿಂಗ್’ (ping) ಮಾಡಿ, ಅಂದರೆ ಒಂದು ವಿಳಾಸಕ್ಕೆ ಚಿಕ್ಕ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ನೋಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪಿಂಗ್ ಎಂದು ಬರೆದು, ಮೊದಲು ಗೇಟ್‌ವೇ ನಂಬರ್ ಕೊಡಿ. ನಂತರ ಹೊರಗಿರುವ ಗೂಗಲ್ ಸರ್ವರ್‌ನ ನಂಬರ್ 8.8.8.8 ಕೊಡಿ. ಕೊನೆಗೆ ಯಾವುದಾದರೂ ದೊಡ್ಡ ವೆಬ್‌ಸೈಟ್‌ನ ಹೆಸರು ಕೊಡಿ. ಇವು ಮೂರು ಬಾಗಿಲುಗಳು. ಗೇಟ್‌ವೇಯಿಂದ ಉತ್ತರ ಬಾರದಿದ್ದರೆ ತೊಂದರೆ ಮನೆಯೊಳಗೇ ಇದೆ. ಅದು ಉತ್ತರಿಸಿ 8.8.8.8 ಉತ್ತರಿಸದಿದ್ದರೆ ತೊಂದರೆ ರೂಟರ್‌ನಿಂದ ಆಚೆಗೆ, ಅಥವಾ ರೂಟರ್‌ನಲ್ಲೇ. ನಂಬರ್ ಉತ್ತರಿಸಿ ಹೆಸರು ಮಾತ್ರ ಸಿಗದಿದ್ದರೆ ಡಿಎನ್‌ಎಸ್‌ನದ್ದು ತಪ್ಪು.

ಡಿಎನ್‌ಎಸ್ ಕೈಕೊಟ್ಟರೆ ಲೈನ್ ಪೂರ್ತಿ ಸರಿ ಇದ್ದರೂ ಒಂದು ಪುಟವೂ ತೆರೆಯುವುದಿಲ್ಲ. ಫೋನ್ ಇದೆ, ಯಾರ ನಂಬರೂ ಗೊತ್ತಿಲ್ಲ ಅನ್ನುವ ಸ್ಥಿತಿ. ಕಂಪ್ಯೂಟರ್‌ನ ಅಡಾಪ್ಟರ್ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ 1.1.1.1 ಅಥವಾ 8.8.8.8 ಹಾಕಿ ನೋಡಿ. ಮೊದಲನೆಯದು ಕ್ಲೌಡ್‌ಫ್ಲೇರ್ 2018ರಲ್ಲಿ, ಎರಡನೆಯದು ಗೂಗಲ್ 2009ರಲ್ಲಿ ಎಲ್ಲರಿಗೂ ತೆರೆದಿಟ್ಟದ್ದು. ತಕ್ಷಣ ಸರಿಹೋದರೆ ರೂಟರ್ ಕೊಡುತ್ತಿದ್ದ ಡಿಎನ್‌ಎಸ್ ನಂಬರ್ ಏನಿತ್ತು ಎಂದು ಹಿಂದಿರುಗಿ ನೋಡಿ. ಅದು ನಿಮಗೆ ಕನೆಕ್ಷನ್ ಕೊಟ್ಟವರದ್ದಲ್ಲ, ನೀವು ಹಾಕಿದ್ದೂ ಅಲ್ಲ ಅಂದರೆ ಸುಮ್ಮನೆ ಬಿಡಬೇಡಿ. ಹಿಂದೆ ಡಿಎನ್‌ಎಸ್‌ಚೇಂಜರ್ ಎಂಬ ದುಷ್ಟ ಸಾಫ್ಟ್‌ವೇರ್ ಹೀಗೇ ಲಕ್ಷಾಂತರ ಕಂಪ್ಯೂಟರ್‌ಗಳ ಡಿಎನ್‌ಎಸ್ ಅನ್ನು ಕಳ್ಳರ ಸರ್ವರ್‌ಗಳ ಕಡೆ ತಿರುಗಿಸಿತ್ತು. 2011ರಲ್ಲಿ ಅಮೆರಿಕದ ಎಫ್‌ಬಿಐ ಅದರ ಹಿಂದಿದ್ದವರನ್ನು ಹಿಡಿಯಿತು. ಆ ಸರ್ವರ್‌ಗಳ ಜಾಗದಲ್ಲಿ ಕೆಲಕಾಲ ಒಳ್ಳೆಯ ಸರ್ವರ್‌ಗಳನ್ನು ನಡೆಸಿ, 2012ರ ಜುಲೈ 9ರಂದು ನಿಲ್ಲಿಸಿದರು. ಅಷ್ಟರೊಳಗೆ ಸರಿಮಾಡಿಕೊಳ್ಳದ ಕಂಪ್ಯೂಟರ್‌ಗಳಿಗೆ ಹೆಸರು ಹುಡುಕುವ ದಾರಿಯೇ ಇಲ್ಲದಾಯಿತು. ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಕಂಪನಿಯಿಂದ ಬಂದದ್ದೇ ಇದ್ದರೆ ಇವತ್ತೇ ಬದಲಿಸಿ.

ಮೂರೂ ಪಿಂಗ್ ಸರಿ ಇದ್ದು ಬ್ರೌಸರ್ ಮಾತ್ರ ಓಡದಿದ್ದರೆ ಆಗ ಕಂಪ್ಯೂಟರ್ ಒಳಗೆ ನೋಡಿ. ನೆಟ್ ಅನ್ನು ಬೇರೆ ಸರ್ವರ್ ಮೂಲಕ ಕಳಿಸುವ ವಿಪಿಎನ್ ಆಫ್ ಆಗದೆ ಉಳಿದದ್ದು, ಅಂಥದ್ದೇ ಪ್ರಾಕ್ಸಿ ಎಂದೋ ಹಾಕಿ ಮರೆತದ್ದು, ಅರ್ಧಂಬರ್ಧ ತೆಗೆದ ಆಂಟಿವೈರಸ್, ಇವೇ ಸಾಮಾನ್ಯ. ದಿನಾಂಕವನ್ನೂ ನೋಡಿ. ಡೆಸ್ಕ್‌ಟಾಪ್‌ನ ಒಳಗಿರುವ ಬಿಲ್ಲೆಯಂಥ ಬ್ಯಾಟರಿ ಸತ್ತರೆ ಕರೆಂಟ್ ಹೋಗಿ ಬಂದಾಗ ದಿನಾಂಕ ವರ್ಷಗಟ್ಟಲೆ ಹಿಂದೆ ಹೋಗುತ್ತದೆ. ಆಗ ಸುರಕ್ಷಿತ ವೆಬ್‌ಸೈಟ್‌ಗಳ ಸರ್ಟಿಫಿಕೇಟ್‌ಗಳು, ಅಂದರೆ ಅವುಗಳ ಗುರುತಿನ ಪತ್ರಗಳು, ಕಂಪ್ಯೂಟರ್‌ಗೆ ಇನ್ನೂ ಜಾರಿಗೆ ಬಾರದವುಗಳಂತೆ ಕಾಣುತ್ತವೆ, ಪುಟ ತೆರೆಯಲು ಒಪ್ಪುವುದಿಲ್ಲ. ಲ್ಯಾಪ್‌ಟಾಪ್ ನಿದ್ದೆಯಿಂದ ಎದ್ದಾಗ ಮಾತ್ರ ನೆಟ್ ಇಲ್ಲದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರ್‌ನ ಪವರ್ ಉಳಿಸುವ ಟಿಕ್ ತೆಗೆಯಿರಿ.

ಹಾಗೆಯೇ ‘ನೋ ಇಂಟರ್ನೆಟ್’ ಅನ್ನುವ ಆ ಗುರುತನ್ನೇ ವೇದವಾಕ್ಯ ಅಂದುಕೊಳ್ಳಬೇಡಿ. ವಿಂಡೋಸ್ ಮೈಕ್ರೋಸಾಫ್ಟ್‌ನ ಸರ್ವರ್ ಒಂದರಿಂದ ಚಿಕ್ಕ ಫೈಲ್ ತರಿಸಿ, ಅದರಲ್ಲಿ ‘ಮೈಕ್ರೋಸಾಫ್ಟ್ ಕನೆಕ್ಟ್ ಟೆಸ್ಟ್’ ಎಂಬ ಸಾಲು ಇದೆಯೇ ಎಂದು ನೋಡುತ್ತದೆ. ಇದ್ದರೆ ಇಂಟರ್ನೆಟ್ ಇದೆ, ಇಲ್ಲದಿದ್ದರೆ ಇಲ್ಲ. ವಿಪಿಎನ್ ಅಥವಾ ಜಾಹೀರಾತು ತಡೆಯುವ ಸಾಧನ ಆ ಒಂದು ಫೈಲ್ ಅನ್ನು ತಡೆದರೆ, ನೆಟ್ ಸರಿಯಾಗಿ ಓಡುತ್ತಿದ್ದರೂ ಗುರುತು ‘ಇಲ್ಲ’ ಅನ್ನುತ್ತದೆ. ಹಾಗಾಗಿ ಒಂದು ಪುಟ ತೆರೆದು ನೋಡಿ ನಂಬಿ.

ರೂಟರ್ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಆಫ್ ಮಾಡಿ ಆನ್ ಮಾಡುವುದು ಬೇರೆ, ಇದು ಬೇರೆ. ಪಿನ್ ಚುಚ್ಚಿದರೆ ಕನೆಕ್ಷನ್‌ನ ಯೂಸರ್‌ನೇಮ್, ಪಾಸ್‌ವರ್ಡ್, ವೈಫೈ ಹೆಸರು ಎಲ್ಲ ಅಳಿಸಿಹೋಗಬಹುದು. ಇದ್ದ ಅರ್ಧ ನೆಟ್ಟೂ ಹೋಗುತ್ತದೆ.

ಕನೆಕ್ಷನ್ ಕೊಟ್ಟವರಿಗೆ ಯಾವಾಗ ಫೋನ್ ಮಾಡಬೇಕು? ಫೈಬರ್ ಪೆಟ್ಟಿಗೆಯಲ್ಲಿ ‘ಲಾಸ್’ (LOS) ಎಂದು ಬರೆದ ದೀಪ ಕೆಂಪಾಗಿದ್ದರೆ ತಕ್ಷಣ ಮಾಡಿ. ಬೆಳಕೇ ಬರುತ್ತಿಲ್ಲ ಅಂತ ಅರ್ಥ. ಮನೆಯೊಳಗೆ ಫೈಬರ್ ಎಲ್ಲಾದರೂ ಮಡಚಿಕೊಂಡಿದೆಯೇ, ಪೀಠೋಪಕರಣದ ಕೆಳಗೆ ಸಿಕ್ಕಿದೆಯೇ ಎಂದು ಮಾತ್ರ ನೋಡಿ, ಉಳಿದದ್ದು ಅವರ ಕೆಲಸ. ದೀಪ ಸರಿ ಇದ್ದು, ಕೆಳಗಿನ ರೂಟರ್‌ಗೆ ನೇರವಾಗಿ ಕೇಬಲ್ ಹಾಕಿದ ಕಂಪ್ಯೂಟರ್‌ನಿಂದಲೂ 8.8.8.8 ಉತ್ತರಿಸದಿದ್ದರೆ ಆಗಲೂ ಮಾಡಿ. ‘ನೆಟ್ ಬರ್ತಿಲ್ಲ’ ಎಂದಷ್ಟೇ ಹೇಳಬೇಡಿ. ‘ಕೇಬಲ್‌ನಲ್ಲಿ ಒಂದೇ ಕಂಪ್ಯೂಟರ್ ಹಾಕಿದ್ದೇನೆ, ಗೇಟ್‌ವೇ ಉತ್ತರಿಸುತ್ತದೆ, 8.8.8.8 ಉತ್ತರಿಸುವುದಿಲ್ಲ, ಇಷ್ಟು ಗಂಟೆಗೆ ಹೋಯಿತು’ ಎಂದು ಹೇಳಿ. ಆಗ ಆ ಕಡೆಯವರು ನಿಮ್ಮ ಕಂಪ್ಯೂಟರ್ ಮೇಲೆ ತಪ್ಪು ಹೊರಿಸಿ ಫೋನ್ ಇಡುವುದು ಸುಲಭವಲ್ಲ.

ಹಳೆಯ ರೂಟರ್ ಅನ್ನು ಸರಿಮಾಡಿ ಮತ್ತೆ ಮಹಡಿಗೆ ಇಟ್ಟಾಗ ಎರಡು ಚಿಕ್ಕ ಕೆಲಸ ಮಾಡಿ. ಎರಡೂ ರೂಟರ್‌ಗಳ 2.4 ಗಿಗಾಹರ್ಟ್ಸ್ ವೈಫೈಗೆ ಬೇರೆ ಬೇರೆ ಚಾನೆಲ್ ಕೊಡಿ, 1, 6, 11ರಲ್ಲಿ ಯಾವುದಾದರೂ ಎರಡು. ಇವು ಒಂದರ ಮೇಲೊಂದು ಬೀಳುವುದಿಲ್ಲ. ಆಮೇಲೆ ಅದರ ಹೊಸ ವಿಳಾಸವನ್ನೂ ‘ಡಿಎಚ್‌ಸಿಪಿ ಆಫ್’ ಎಂಬ ಮಾತನ್ನೂ ಒಂದು ಚೀಟಿಯಲ್ಲಿ ಬರೆದು ಅದರ ಬೆನ್ನಿಗೆ ಅಂಟಿಸಿ. ಆರು ತಿಂಗಳ ಮೇಲೆ ಅದರ ಪುಟ ತೆರೆಯಬೇಕಾದಾಗ ಆ ನಂಬರ್ ಯಾರಿಗೂ ನೆನಪಿರುವುದಿಲ್ಲ.